ಎಂಟು ಮಿಷನ್ನಿನ ಸದ್ದು

ಆ ಭಾನುವಾರ ಶ್ರೀರಾಮನ ಮನೆಯ ಫೋನು ಬೆಳಿಗ್ಗೆ ಏಳೂಕಾಲಿಗೇ ಬಡಿದುಕೊಳ್ಳಲು ಶುರುಮಾಡಿತು. ಶ್ರೀರಾಮ ಬಚ್ಚಲಲ್ಲಿದ್ದ. ಭಾನುವಾರದ ಎಣ್ಣೆಸ್ನಾನ ಅವನಿಗೆ ಒಂದೂವರೆ ಗಂಟೆಯ ಕೆಲಸ. ಹೆಂಡತಿ ಪ್ರಿಯಂವದಾ ಕಾವಲಿಯ ಮೇಲೆ ದೋಸೆ ಹುಯ್ದು ಬಂದು ಫೋನ್ ಎತ್ತಿದಳು.

“ಟೈಪಿಂಗ್ ಇನ್‌ಸ್ಟಿಟ್ಯೂಟಾ ಮೇಡಂ? ಫೀಸ್ ಎಷ್ಟು?”

“ಅಲ್ಲಪ್ಪ, ಇದು ಮನೆ.”

ಮೊದಲ ಮೂರು ಸಲ ಹೀಗೆ ಮರ್ಯಾದೆಯಾಗಿಯೇ ಹೇಳಿದಳು. ನಾಲ್ಕನೆಯ ಸಲಕ್ಕೆ ದೋಸೆ ಸೀದಿತು. ಆರನೆಯ ಸಲಕ್ಕೆ ಹಾಲು ಉಕ್ಕಿತು. ಒಂಬತ್ತನೆಯ ಸಲ, ಟವೆಲ್ ಸುತ್ತಿಕೊಂಡು ಹೊರಬಂದ ಶ್ರೀರಾಮನ ಕಿವಿಗೆ ಬಿದ್ದ ಮಾತು ಇದು: “ನೋಡಪ್ಪ, ನಮ್ಮನೇಲಿ ಟೈಪಿಂಗ್ ಹೇಳ್ಕೊಡೋರು ಯಾರೂ ಇಲ್ಲ. ಮೂರು ಸಲ ಫೇಲಾದೋರು ಒಬ್ರಿದಾರೆ. ಬೇಕಾದ್ರೆ ಅವರಿಗೇ ಕೊಡ್ತೀನಿ, ಮಾತಾಡು.”

ಶ್ರೀರಾಮ ಟವೆಲಿನಲ್ಲೇ ಪೇಪರಿನ ಹತ್ತಿರ ಓಡಿದ. ಪೇಪರಿನೊಳಗಿಂದ ಗುಲಾಬಿ ಬಣ್ಣದ ಕರಪತ್ರವನ್ನು ಎಳೆದು ನೋಡಿದ. ಅಂಬಾಬಾಯಿ ಇನ್‌ಸ್ಟಿಟ್ಯೂಟ್ ಆಫ್ ಕಾಮರ್ಸ್, ಬಜಾರು ರಸ್ತೆ, ಮುಳಬಾಗಿಲು. ಹೆಸರು ಸರಿ, ವಿಳಾಸ ಸರಿ. ಕೆಳಗೆ ಇದ್ದದ್ದು ಮಾತ್ರ ಅವನ ಮನೆಯ ನಂಬರು. ತನ್ನ ಇಂಟರ್‌ನೆಟ್ ಸೆಂಟರಿನ ಹಳೆಯ ಕರಪತ್ರದ ಮೇಲೆಯೇ ಹೊಸದನ್ನು ಕಟ್ಟಿದ್ದ. ಎಲ್ಲವನ್ನೂ ಬದಲಾಯಿಸಿ ನಂಬರೊಂದನ್ನು ಮರೆತಿದ್ದ. ಎರಡು ಸಾವಿರ ಪ್ರತಿ. ಕರಡು ತಿದ್ದಿದವನೂ ಅವನೇ. ಈ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತೇನೆಂದು ಎದೆ ತಟ್ಟಿಕೊಂಡಿದ್ದವನೂ ಅವನೇ.

“ಒಂಬತ್ತು ಜನದ ನಂಬರ್ ಬರ್ಕೊಂಡಿದೀಯ ತಾನೆ?” ಎಂದು ಕೇಳಿದ.

ಪ್ರಿಯಂವದಾ ಸೀದ ದೋಸೆಯನ್ನು ಅವನ ತಟ್ಟೆಗೆ ಹಾಕಿದಳು. ಅದೇ ಉತ್ತರ.

ಇನ್‌ಸ್ಟಿಟ್ಯೂಟ್ ಇದ್ದದ್ದು ಶ್ರೀರಾಮನ ಸೆಂಟರಿನ ಎದುರಿಗೆ, ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ. ಹತ್ತೊಂಬತ್ತು ಮೆಟ್ಟಿಲು. ಸಾವಿರದ ಒಂಬೈನೂರ ತೊಂಬತ್ತೆರಡರಲ್ಲಿ ಜೂನಿಯರ್ ಟೈಪಿಂಗ್ ಕಲಿಯಲೆಂದು ಆ ಮೆಟ್ಟಿಲುಗಳನ್ನು ಹತ್ತಿದ ದಿನದಿಂದಲೂ ಶ್ರೀರಾಮ ಅವನ್ನು ತಪ್ಪಿತಸ್ಥನ ಹಾಗೆಯೇ ಹತ್ತಿದ್ದಾನೆ. ಆ ದಿನವಂತೂ ಕೈಯಲ್ಲಿ ಸಾಕ್ಷಿಯೂ ಇತ್ತು.

ಅಂಬಾಬಾಯಿಯವರು ಕರಪತ್ರವನ್ನು ಕನ್ನಡಕದ ಕೆಳಗಿಂದ ಒಮ್ಮೆ, ಮೇಲಿನಿಂದ ಒಮ್ಮೆ ನೋಡಿದರು.

“ಆವತ್ತೂ ಇದೇ ಹೇಳಿದ್ದೆ ಕಣೋ. ಕಾಗದ ನೋಡು, ಕೀ ನೋಡ್ಬೇಡ ಅಂತ.”

“ಒಂಬತ್ತು ಜನ ಫೋನ್ ಮಾಡಿದ್ರಂತೆ ಮೇಡಂ.”

“ಒಂಬತ್ತಾ?”

ಅಷ್ಟೇ ಕೇಳಿದರು. ಬೈದಿದ್ದರೆ ಶ್ರೀರಾಮನಿಗೆ ಸಮಾಧಾನವಾಗುತ್ತಿತ್ತು. ಯಾಕೆಂದರೆ ಅವರಿಗೆ ಬೇಕಾಗಿದ್ದದ್ದು ಎಂಟೇ ಜನ.

ಎಂಟರ ಕಥೆ ಹೀಗೆ. ಕಟ್ಟಡದ ಮಾಲೀಕರಾದ ಕೆಳಗಿನ ಬಟ್ಟೆ ಅಂಗಡಿಯವರಿಗೆ ಮಹಡಿ ಬೇಕಾಗಿತ್ತು, ಮಗ ಮೊಬೈಲ್ ಅಂಗಡಿ ಇಡುತ್ತಾನಂತೆ. ಅವರು ಬಲವಂತ ಮಾಡಿರಲಿಲ್ಲ. ಅಂಬಾಬಾಯಿಯವರೇ ಮಾತು ಕೊಟ್ಟಿದ್ದರು: ಜೂನ್ ಮೂವತ್ತರೊಳಗೆ ಹೊಸ ಬ್ಯಾಚಿಗೆ ಎಂಟು ಜನ ಸೇರಿದರೆ ಇರುತ್ತೇನೆ, ಇಲ್ಲದಿದ್ದರೆ ಬೀಗದ ಕೈ ತಂದುಕೊಡುತ್ತೇನೆ. ಎಂಟೇ ಯಾಕೆ ಎಂದು ಶ್ರೀರಾಮ ಕೇಳಿದ್ದಕ್ಕೆ ಅವರು, “ಎಂಟು ಮಿಷನ್ ಒಟ್ಟಿಗೆ ಹೊಡೆದ್ರೆ ಅದು ಸದ್ದು. ಅದಕ್ಕಿಂತ ಕಮ್ಮಿ ಆದ್ರೆ ಬರೀ ಕುಟ್ಟೋದು,” ಎಂದಿದ್ದರು.

ಆ ಸದ್ದನ್ನು ಕೇಳದವರಿಗೆ ಇದು ಅರ್ಥವಾಗುವುದು ಕಷ್ಟ. ತೊಂಬತ್ತರ ದಶಕದಲ್ಲಿ ಬೆಳಿಗ್ಗೆ ಆರರಿಂದ ರಾತ್ರಿ ಎಂಟರವರೆಗೆ ಆ ಮಹಡಿಯಿಂದ ಆಲಿಕಲ್ಲು ಬಿದ್ದ ಹಾಗೆ ಸದ್ದು ಬರುತ್ತಿತ್ತು. ಕೆಳಗೆ ಸೀರೆ ವ್ಯಾಪಾರ ಮಾಡುವವರು ಅದಕ್ಕೆ ಸರಿಯಾಗಿ ಗಟ್ಟಿ ದನಿಯಲ್ಲಿ ಚೌಕಾಸಿ ಮಾಡುತ್ತಿದ್ದರು. ಭಾನುವಾರ ಸದ್ದು ನಿಂತಾಗ ಅಂಗಡಿಯಲ್ಲಿ ಎಲ್ಲರೂ ಕಿರುಚುತ್ತಿರುವ ಹಾಗೆ ಕೇಳುತ್ತಿತ್ತು. ಹನ್ನೆರಡು ಮಿಷನ್ನು, ದಿನಕ್ಕೆ ಹತ್ತು ಬ್ಯಾಚು. ಸಾಲು ಮುಗಿದಾಗ ಹೊಡೆಯುವ ಸಣ್ಣ ಗಂಟೆಗಳು ಒಂದಾದ ಮೇಲೊಂದು ಟಿಂಗ್ ಟಿಂಗ್ ಎನ್ನುತ್ತಿದ್ದರೆ, ಕಣ್ಣು ಮುಚ್ಚಿಕೊಂಡೇ ಮೇಡಂ, “ನಾಲ್ಕನೇ ಮಿಷನ್, ನಿಧಾನ,” ಎನ್ನುತ್ತಿದ್ದರು.

ಅಂಬಾಬಾಯಿಯವರ ತಂದೆ ತಾಲ್ಲೂಕು ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಹರಾಜಿನಲ್ಲಿ ಬಂದ ಮೂರು ಹಳೆಯ ಮಿಷನ್ನುಗಳನ್ನು ಮಗಳ ಮದುವೆಗೆಂದು ಕೂಡಿಟ್ಟ ಹಣದಿಂದ ಕೊಂಡುಕೊಟ್ಟಿದ್ದರು. ಹಾಗಂತ ಮದುವೆಯ ಪ್ರಯತ್ನ ಬಿಟ್ಟಿರಲಿಲ್ಲ. ಚಿಂತಾಮಣಿ ಕಡೆಯ ವರನೊಬ್ಬ ನೋಡಲು ಬಂದು, ಉಪ್ಪಿಟ್ಟು ತಿಂದು, “ಹಾಡು ಬರುತ್ತಾ?” ಎಂದು ಕೇಳಿದನಂತೆ. “ನಿಮಿಷಕ್ಕೆ ನಲವತ್ತೈದು ಪದ ಬರುತ್ತೆ,” ಎಂದರಂತೆ ಅಂಬಾಬಾಯಿ. ವರನ ಕಡೆಯವರು ಊರಿಗೆ ಹೋಗಿ ಕಾಗದ ಬರೆಯುತ್ತೇವೆಂದರು. ಆ ಕಾಗದ ಬರಲಿಲ್ಲ. ಬೇರೆಯವರ ಕಾಗದಗಳನ್ನು ಟೈಪು ಮಾಡುತ್ತಾ ಮೂವತ್ತೆರಡು ವರ್ಷ ಹೋಯಿತು.

ಪರೀಕ್ಷೆ ನಡೆಯುತ್ತಿದ್ದದ್ದು ಕೋಲಾರದಲ್ಲಿ. ಮಿಷನ್ನನ್ನು ಪರೀಕ್ಷೆಗೆ ಕೂರುವವರೇ ಒಯ್ಯಬೇಕು. ಹನ್ನೆರಡು ಮಿಷನ್ನುಗಳಿಗೂ ಹಳೆಯ ದುಪ್ಪಟಿ ಸುತ್ತಿ ಬಸ್ಸಿನ ಟಾಪಿಗೆ ಏರಿಸಿದಾಗ ಕಂಡಕ್ಟರ್, “ಏನಮ್ಮಾ ಇದು, ಹನ್ನೆರಡು ಗಂಟು?” ಎಂದು ದಬಾಯಿಸಿದ.

“ಹನ್ನೆರಡು ಸರ್ಕಾರಿ ಕೆಲಸ ಕಣಪ್ಪ. ಹುಷಾರಾಗಿ ಇಳಿಸು,” ಎಂದರು ಮೇಡಂ.

ಅವರು ಹೇಳಿದ್ದು ಸುಳ್ಳಾಗಲಿಲ್ಲ. ಆ ವರ್ಷದ ಹನ್ನೆರಡು ಜನದಲ್ಲಿ ಹನ್ನೊಂದು ಜನ ಕೋರ್ಟು, ತಾಲ್ಲೂಕು ಕಚೇರಿ, ಮಾಲೂರಿನ ಕಾರ್ಖಾನೆ ಎಂದು ಎಲ್ಲೆಲ್ಲೋ ಸೇರಿಕೊಂಡರು. ಹನ್ನೆರಡನೆಯವನು ಶ್ರೀರಾಮ. ಅವನು ಕೀಗಳನ್ನು ನೋಡದೆ ಟೈಪು ಮಾಡಲಾರ. ಮೇಡಂ ಅವನ ಕೈಗಳ ಮೇಲೆ ಟವೆಲ್ ಮುಚ್ಚಿದರು. ಅವನು ಟವೆಲ್ ನೋಡುತ್ತಾ ಟೈಪು ಮಾಡಿದ. ಮೂರು ಸಲ ಡುಮ್ಕಿ ಹೊಡೆದ ಮೇಲೆ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೋರ್ಸು ಮಾಡಿಕೊಂಡು ಬಂದು ತೊಂಬತ್ತೊಂಬತ್ತರಲ್ಲಿ ಎದುರಿಗೇ ಸೆಂಟರ್ ತೆರೆದ. ಉದ್ಘಾಟನೆಗೆ ದೀಪ ಹಚ್ಚಿದವರು ಅಂಬಾಬಾಯಿ ಮೇಡಂ. ಅದಾದ ಎರಡೇ ವರ್ಷಕ್ಕೆ ಮೇಲಿನ ಬ್ಯಾಚು ಹತ್ತರಿಂದ ನಾಲ್ಕಕ್ಕೆ ಇಳಿಯಿತು. ತಪ್ಪಿಲ್ಲದೆ ಟೈಪು ಮಾಡಲು ಬಾರದವನೊಬ್ಬ ಟೈಪಿಂಗನ್ನೇ ಮುಗಿಸಿಬಿಟ್ಟ ಎಂದು ಬಜಾರಿನಲ್ಲಿ ಯಾರೋ ಅಂದದ್ದು ಶ್ರೀರಾಮನಿಗೆ ಏಳು ವರ್ಷದಿಂದ ಕಿವಿಯಲ್ಲಿದೆ.

ಅದಕ್ಕೇ ಆ ಭಾನುವಾರ ಕರಪತ್ರ ಹಿಡಿದು ನಿಂತವನು, “ಮೇಡಂ, ಗೂಗಲ್‌ನಲ್ಲಿ ಜಾಹೀರಾತು ಹಾಕೋಣ,” ಎಂದುಬಿಟ್ಟ.

“ಅದೇನು?”

“ಯಾರಾದ್ರೂ ಟೈಪಿಂಗು, ಮುಳಬಾಗಿಲು, ಕೋಲಾರ ಅಂತ ಹುಡುಕಿದ್ರೆ ಬಲಗಡೆ ನಿಮ್ಮ ಹೆಸರು ಕಾಣುತ್ತೆ. ಅದನ್ನ ಒತ್ತಿದ್ರೆ ನಿಮ್ಮ ಪುಟ ಬರುತ್ತೆ. ಕಂಡಿದ್ದಕ್ಕೆ ದುಡ್ಡಿಲ್ಲ. ಒತ್ತಿದ್ರೆ ಮಾತ್ರ ನಾಲ್ಕು ರೂಪಾಯಿ.”

“ಒಟ್ಟು ಎಷ್ಟು ಹಾಕ್ಬೇಕು?”

“ನಿಮಗೆ ಎಷ್ಟು ಬೇಕೋ ಅಷ್ಟು.”

“ಎಷ್ಟು ಬೇಕೋ ಅಷ್ಟು ಅನ್ನೋದು ಖರ್ಚಲ್ಲ ಕಣೋ, ದಾನ,” ಎಂದು ಅಂಬಾಬಾಯಿಯವರು ಒಂದು ಹಾಳೆಯನ್ನು ಮಿಷನ್ನಿಗೆ ಏರಿಸಿದರು. ಲೆಕ್ಕವನ್ನೂ ಅವರು ಪೆನ್ನಿನಲ್ಲಿ ಮಾಡುವವರಲ್ಲ.

ಶ್ರೀರಾಮ ಆ ಹಾಳೆಯನ್ನು ಇಂದಿಗೂ ಇಟ್ಟುಕೊಂಡಿದ್ದಾನೆ. ಒಬ್ಬ ವಿದ್ಯಾರ್ಥಿ ಪರೀಕ್ಷೆಯವರೆಗೆ ಆರು ತಿಂಗಳು ಕೊಡುವ ಫೀಸು ಒಂಬೈನೂರು. ಬಾಡಿಗೆ, ರಿಬ್ಬನ್ನು, ಕಾಗದ ಕಳೆದರೆ ಉಳಿಯುವುದು ಎಷ್ಟೆಂದು ಅವರಿಗೆ ಮಾತ್ರ ಗೊತ್ತು. ಅದರಲ್ಲಿ ಒಬ್ಬರನ್ನು ಮೆಟ್ಟಿಲು ಹತ್ತಿಸಲು ನೂರು ರೂಪಾಯಿಯವರೆಗೆ ಕೊಡಬಹುದು, ನೂರ ಒಂದು ಕೊಡಬಾರದು. ಎಂಟು ಜನಕ್ಕೆ ಎಂಟುನೂರು. ವಿಚಾರಿಸಲು ಬಂದ ಮೂವರಲ್ಲಿ ಒಬ್ಬರು ಸೇರುತ್ತಾರೆ, ಇದು ಮೂವತ್ತೆರಡು ವರ್ಷದ ಅನುಭವ. ಅಂದರೆ ಒಂದು ಫೋನಿಗೆ ಮೂವತ್ತಮೂರು ರೂಪಾಯಿ ದಾಟಬಾರದು.

“ಒಂದು ಒತ್ತಿಗೆ ನಾಲ್ಕು ಅಂದ್ರೆ, ಎಂಟು ಜನ ಒತ್ತಿದ್ರೆ ಅದ್ರಲ್ಲಿ ಒಬ್ಬರು ಫೋನ್ ಮಾಡ್ಬೇಕು. ಮಾಡ್ತಾರಾ?”

“ಗೊತ್ತಿಲ್ಲ ಮೇಡಂ.”

“ಗೊತ್ತಿಲ್ಲ ಅಂದ್ಯಲ್ಲ, ಅದು ಒಳ್ಳೇದು. ಅನ್ನ ಬೆಂದಿದ್ಯಾ ಅಂತ ನೋಡೋಕೆ ಒಂದು ಅಗುಳು ಹಿಸುಕಿದ್ರೆ ಸಾಕು. ದಿನಕ್ಕೆ ನಲವತ್ತು, ಹತ್ತು ದಿನ. ಹನ್ನೆರಡು ಫೋನ್ ಬಂದ್ರೆ ಮಿಕ್ಕ ನಾನೂರೂ ಹಾಕೋಣ. ಬರದಿದ್ರೆ ನಿಲ್ಸು. ಆಮೇಲೆ ಇನ್ನು ಎರಡು ದಿನ, ಇನ್ನು ನಾಲ್ಕು ದಿನ ಅಂತ ನನ್ನ ಹತ್ರ ಗೋಗರೀಬಾರ್ದು. ಜೂಜು ಶುರುವಾಗೋದು ಹಾಗೇ.”

ಸೆಂಟರ್ ಇಟ್ಟವನಿಗೇ ಹೊಳೆಯದ ಲೆಕ್ಕವನ್ನು ಮೌಸ್ ಮುಟ್ಟದವರು ಮಾಡಿ ಮುಗಿಸಿದ್ದರು. ಎಂಟುನೂರು ರೂಪಾಯಿಯನ್ನು ಲಕೋಟೆಯಲ್ಲಿಟ್ಟು ಕೊಟ್ಟರು. ಲಕೋಟೆಯ ಮೇಲೂ ವಿಳಾಸ ಟೈಪು ಮಾಡಿತ್ತು: ಶ್ರೀರಾಮ್, ಎದುರುಗಡೆ.

ಶ್ರೀರಾಮ ಪುಟ ಕಟ್ಟಿದ. ಫೋನ್ ನಂಬರನ್ನು ಪ್ರಿಯಂವದಾಳಿಂದ ಎರಡು ಸಲ ಓದಿಸಿದ. ಅಲಂಕಾರಕ್ಕೆಂದು ತೊಂಬತ್ತಮೂರರ ಗ್ರೂಪ್ ಫೋಟೋ ಒಂದನ್ನು ಹಾಕಿದ. ಕಿಟಕಿಯ ಕೆಳಗೆ ಹನ್ನೆರಡು ಮಿಷನ್ನು, ಅವುಗಳ ಹಿಂದೆ ಎರಡು ಸಾಲು ಹುಡುಗರು, ಹುಡುಗಿಯರು. ಕೊನೆಯಲ್ಲಿ ರೂಲುದೊಣ್ಣೆ ಹಿಡಿದು ಮೇಡಂ. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ. ಒಬ್ಬ ಮಾತ್ರ ಕೀಗಳನ್ನು ನೋಡುತ್ತಿದ್ದಾನೆ. ಅವನು ಯಾರೆಂದು ಹೇಳಬೇಕಾಗಿಲ್ಲ.

ಜೂನ್ ಐದಕ್ಕೆ ಜಾಹೀರಾತು ಶುರುವಾಯಿತು. ಮೊದಲ ದಿನವೇ ಹತ್ತು ಜನ ಒತ್ತಿದರು. ಎರಡನೆಯ ದಿನ ಹತ್ತು. ಮೂರನೆಯ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆಲ್ಲ ಆ ದಿನದ ನಲವತ್ತು ರೂಪಾಯಿ ಮುಗಿದು ಜಾಹೀರಾತು ಮಾಯವಾಯಿತು. ಶ್ರೀರಾಮ ದಿನಾ ಸಂಜೆ ಹತ್ತೊಂಬತ್ತು ಮೆಟ್ಟಿಲು ಹಾರಿ ಹೋಗಿ ವರದಿ ಒಪ್ಪಿಸಿದ. ಇನ್ನು ಹನ್ನೆರಡು ಮಿಷನ್ನು ಸಾಲುವುದಿಲ್ಲ, ಎಲ್ಲಿಂದಾದರೂ ನಾಲ್ಕು ತರಿಸಬೇಕು ಎಂದು ಮನಸ್ಸಿನಲ್ಲೇ ಮಂಡಿಗೆ ತಿಂದ.

ಹತ್ತು ದಿನದಲ್ಲಿ ಒತ್ತಿದವರು ನೂರು. ಫೋನ್ ಬಂದದ್ದು ನಾಲ್ಕು. ಸೇರಿದವರು ಇಬ್ಬರು.

“ನಿಲ್ಸು,” ಎಂದರು ಮೇಡಂ.

“ಇನ್ನೆರಡು ದಿನ...”

“ನಿಲ್ಸು ಅಂದೆ.”

ನಿಲ್ಲಿಸಿದ. ಒಂದು ವಾರ ಕಳೆಯಿತು. ಈ ನಡುವೆ ಆವನಿಯಿಂದ ಮುನಿಲಕ್ಷ್ಮಿ ಎಂಬ ಹುಡುಗಿ ತನ್ನ ಇಬ್ಬರು ಗೆಳತಿಯರನ್ನು ಕರೆದುಕೊಂಡು ಬಂದು ಸೇರಿದಳು. ಅವಳ ಸೋದರಮಾವ ಇಲ್ಲೇ ಕಲಿತು ನೌಕರಿ ಹಿಡಿದವನಂತೆ. ಅಲ್ಲಿಗೆ ಐದು. ಇನ್ನು ಮೂರು ಬೇಕು.

ಒಂದು ಮಧ್ಯಾಹ್ನ ಶ್ರೀರಾಮ ತಲೆ ಎತ್ತಿ ನೋಡಿದರೆ ಸೆಂಟರಿನ ಬಾಗಿಲಲ್ಲಿ ಅಂಬಾಬಾಯಿ ಮೇಡಂ. ಉದ್ಘಾಟನೆಯ ದೀಪ ಹಚ್ಚಿದ ಮೇಲೆ ಅವರು ಈ ಹೊಸಿಲು ದಾಟಿದ್ದು ಇದೇ ಮೊದಲು. ಅವನು ಗಾಬರಿಯಿಂದ ಎದ್ದು ಕುರ್ಚಿ ಒರೆಸಿದ. ಅವರು ಕೂತು ಕೀಬೋರ್ಡನ್ನು ಬೆರಳಿಂದ ಒತ್ತಿ ನೋಡಿದರು.

“ಇದಕ್ಕೆ ಸದ್ದೇ ಇಲ್ವಲ್ಲೋ. ಹೊಡೆದಿದ್ದು ಹೇಗೆ ಗೊತ್ತಾಗುತ್ತೆ?”

“ಮುಂದೆ ಕಾಣುತ್ತೆ ಮೇಡಂ.”

“ನೋಡ್ಬೇಕು ಅನ್ನು. ಅದಕ್ಕೇ ನಿನಗೆ ಒಗ್ಗಿದೆ.” ಕೀಬೋರ್ಡನ್ನು ಪಕ್ಕಕ್ಕೆ ಸರಿಸಿ ಕೇಳಿದರು: “ಆ ನೂರು ಜನ ಒತ್ತಿದ್ರಲ್ಲ. ಒತ್ತಿ ಏನು ಮಾಡ್ತಾರೆ?”

“ನಿಮ್ಮ ಪುಟ ನೋಡ್ತಾರೆ. ಫೋಟೋ ನೋಡ್ತಾರೆ.”

“ಎಷ್ಟು ಹೊತ್ತು?”

ಅದನ್ನೂ ಎಣಿಸುವ ಯಂತ್ರವಿತ್ತು. ಶ್ರೀರಾಮ ತೆಗೆದು ನೋಡಿದ. “ಒಬ್ಬೊಬ್ಬರು ಆರು ನಿಮಿಷ ಮೇಡಂ.”

“ಆರು ನಿಮಿಷ,” ಎಂದರು ಅಂಬಾಬಾಯಿ. ಮಹಡಿಯ ಕಡೆಗೆ ನೋಡಿದರು. ಅಲ್ಲಿ ಐದು ಮಿಷನ್ನು ಕುಟ್ಟುತ್ತಿದ್ದವು. “ಆರು ನಿಮಿಷ ಯಾರೂ ಸುಮ್ನೆ ನೋಡಲ್ಲ ಕಣೋ. ಬರೋಣ ಅಂತ ಮನಸ್ಸಲ್ಲಿರುತ್ತೆ. ಮಿಕ್ಕಿದ್ದು ಹಾಕ್ಬಿಡು.”

“ಮೇಡಂ, ಲೆಕ್ಕದ ಪ್ರಕಾರ...”

“ಲೆಕ್ಕ ಮಾಡಿದೋಳು ನಾನು ತಾನೆ?”

ಜೂಜು ಶುರುವಾಗೋದು ಹಾಗೇ ಎಂದವರೂ ಅವರೇ ಎಂದು ನೆನಪಿಸುವ ಧೈರ್ಯ ಶ್ರೀರಾಮನಿಗಿರಲಿಲ್ಲ. ಮಾರನೆಯ ದಿನದಿಂದ ಜಾಹೀರಾತು ಮತ್ತೆ ಹೊರಟಿತು. ದಿನಕ್ಕೆ ಹತ್ತು ಒತ್ತು, ಬೆಳಿಗ್ಗೆ ಹನ್ನೊಂದಕ್ಕೇ ಖಾಲಿ. ಫೋನು ಮಾತ್ರ ಸತ್ತಂತೆ ಬಿದ್ದಿತ್ತು.

ಆರು ದಿನ ಹೀಗೆ ಕಳೆದ ಮೇಲೆ, ಗಡುವಿಗೆ ಒಂದೇ ದಿನ ಉಳಿದ ಭಾನುವಾರ, ಮುನಿಯಲ್ಲಪ್ಪ ಬಂದ. ಯಲ್ದೂರಿನ ಕಡೆಯವನು, ತೊಂಬತ್ತಮೂರರ ಬ್ಯಾಚು, ಈಗ ಶ್ರೀನಿವಾಸಪುರದ ಕೋರ್ಟಿನಲ್ಲಿ ಗುಮಾಸ್ತ. ಒಂದು ಬುಟ್ಟಿ ಮಲಗೋವ ಹೊತ್ತು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದವನು ಮೇಡಂ ಕುರ್ಚಿಯಲ್ಲಿ ನೆಟ್ಟಗೆ ಕೂತಿರುವುದನ್ನು ಕಂಡು ಬುಟ್ಟಿ ಇಳಿಸಿ ಕೈ ಮುಗಿದ.

“ಅಮ್ಮಯ್ಯ! ಬಾಗುನ್ನಾರಾ ಮೇಡಂ? ಚೆನ್ನಾಗಿದೀರಾ? ನಾನು ಹೆದರೇಬಿಟ್ಟಿದ್ದೆ.”

“ಯಾಕೋ? ನನಗೇನಾಗಿದೆ?”

“ಒಂದು ವಾರ ನೀವು ಕಾಣಿಸ್ಲೇ ಇಲ್ವಲ್ಲ ಮೇಡಂ, ಕಂಪ್ಯೂಟರ್‌ನಲ್ಲಿ! ಮೈ ಹುಷಾರಿಲ್ವೇನೋ ಅಂದ್ಕೊಂಡೆ. ಈ ವಾರ ಬಂದ್ರಿ. ಆದ್ರೂ ಕಣ್ಣಾರೆ ನೋಡಿ ಹೋಗೋಣ ಅಂತ ಬಂದೆ.”

ವರದಿ ಒಪ್ಪಿಸಲು ಬಂದು ಪಕ್ಕದಲ್ಲೇ ನಿಂತಿದ್ದ ಶ್ರೀರಾಮ ಮುಂದೆ ಬಂದ. “ಮುನಿಯಲ್ಲಪ್ಪಣ್ಣ, ನೀವು ಆ ಜಾಹೀರಾತು ಒತ್ತಿದ್ರಾ?”

“ಒತ್ತಿದ್ರಾ ಅಂತೀಯಲ್ಲೋ! ದಿನಾ ಒತ್ತುತೀನಿ. ಕೋರ್ಟಿಗೆ ಹೋಗೋ ಮುಂಚೆ ಸೈಬರ್‌ಗೆ ಹೋಗಿ, ಟೈಪಿಂಗು, ಮುಳಬಾಗಿಲು ಅಂತ ಹೊಡೆದು, ಒಂದು ಸಲ ಒತ್ತಿ, ಫೋಟೋ ನೋಡಿ ಕೈ ಮುಗಿದು ಹೋಗ್ತೀನಿ. ಒಂದು ದಿನಾನೂ ತಪ್ಪಿಸಿಲ್ಲ. ಗುಡಿ ಮುಂದೆ ಹಾದು ಹೋಗೋವಾಗ ಚಪ್ಪಲಿ ಬಿಟ್ಟು ನಿಲ್ಲಲ್ವಾ, ಹಂಗೆ. ಮಧ್ಯಾಹ್ನದ ಮೇಲೆ ಹೋದ್ರೆ ಮೇಡಂ ಇರಲ್ಲ, ಬಾಗಿಲು ಹಾಕಿರುತ್ತೆ. ಅದಕ್ಕೇ ಬೆಳಿಗ್ಗೆನೇ ಹೋಗಿ ಅಂತ ಎಲ್ಲರಿಗೂ ಹೇಳಿದೀನಿ.”

“ಎಲ್ಲರಿಗೂ ಅಂದ್ರೆ?”

“ನಮ್ಮ ಬ್ಯಾಚಿನೋರು ಕಣೋ. ಮಾಲೂರಲ್ಲಿ ಕಾರ್ಖಾನೆಯೋರು ಮೂರು ಜನ, ಲಕ್ಕೂರಿನ ನಾಡಕಚೇರಿ ಉದಯಕುಮಾರ, ಕೋಲಾರದಲ್ಲಿ ಇನ್ನೂ ಜನ ಇದಾರೆ. ಮೇಡಂ ಇಂಟರ್‌ನೆಟ್‌ಗೆ ಬಂದಿದಾರೆ, ಹೋಗಿ ಒತ್ತಿ ಬನ್ನಿ ಅಂತ ನಾನೇ ಫೋನ್ ಮಾಡ್ದೆ. ನಮ್ಮಿಂದ ಅಷ್ಟಾದ್ರೂ ಆಗ್ಲಿ ಅಂತ.”

ಶ್ರೀರಾಮನಿಗೆ ಎಲ್ಲವೂ ನಿಚ್ಚಳವಾಯಿತು. ಮುಂಜಾನೆಯೇ ಹಳೆಯ ಶಿಷ್ಯರೆಲ್ಲ ಸಾಲಾಗಿ ಬಂದು ಕೈ ಮುಗಿದು ಹೋಗುತ್ತಾರೆ. ಹನ್ನೊಂದಕ್ಕೆ ನಲವತ್ತು ರೂಪಾಯಿ ಖಾಲಿ. ಕಾಲೇಜು ಬಿಟ್ಟ ಮೇಲೆ, ಸಂಜೆ, ನಿಜವಾಗಿಯೂ ಟೈಪಿಂಗ್ ಕಲಿಯಬೇಕೆಂದು ಹುಡುಕುವ ಹುಡುಗ ಹುಡುಗಿಯರಿಗೆ ಅಲ್ಲಿ ಜಾಹೀರಾತೇ ಇಲ್ಲ. ಟೈಪಿಂಗ್ ಬಲ್ಲವರು ಪ್ರೀತಿಯಿಂದ ಒತ್ತಿ ಒತ್ತಿ, ಟೈಪಿಂಗ್ ಕಲಿಯುವವರ ದಾರಿಯನ್ನು ಮುಚ್ಚಿದ್ದರು.

ಅವನು ಹೇಳಬೇಕಾಯಿತು. ಒಂದು ಒತ್ತಿಗೆ ನಾಲ್ಕು ರೂಪಾಯಿ ಮೇಡಂ ಕೈಯಿಂದ ಹೋಗುತ್ತದೆ ಎಂದು ಹೇಳಿದಾಗ ಮುನಿಯಲ್ಲಪ್ಪನ ಮುಖ ಇದ್ದಿಲಾಯಿತು. ಜೇಬಿಗೆ ಕೈ ಹಾಕಿದ. ತೆಗೆದ. ಮತ್ತೆ ಹಾಕಿದ.

“ದೇವುಡಾ! ನಾನು ಬಿಟ್ಟಿ ಅಂದ್ಕೊಂಡಿದ್ನಲ್ಲೋ! ಪಾಪಿ, ಮೊದಲೇ ಹೇಳೋಕೇನಾಗಿತ್ತು ನಿನಗೆ?”

“ನನಗೇನು ಕನಸು ಬಿದ್ದಿತ್ತಾ ಅಣ್ಣ?”

“ನೀನು ಒತ್ತಿಲ್ವಾ? ದೇವರಾಣೆ ಹೇಳು.”

ಶ್ರೀರಾಮ ನೆಲ ನೋಡಿದ. ಸೆಂಟರಿನ ಬಾಗಿಲು ತೆಗೆದು, ಊದುಬತ್ತಿ ಹಚ್ಚಿ, ದಿನಾ ಬೆಳಿಗ್ಗೆ ಮೊದಲ ಬೋಣಿಯೆಂದು ಮೇಡಂ ಜಾಹೀರಾತನ್ನು ಒಂದು ಸಲ ಒತ್ತುತ್ತಿದ್ದವನು ಅವನು. ನಾಲ್ಕು ರೂಪಾಯಿಯ ವಿಷಯ ಇಡೀ ಜಿಲ್ಲೆಯಲ್ಲಿ ಗೊತ್ತಿದ್ದವನು ಅವನೊಬ್ಬನೇ. ಬೋಣಿಗೆ ಲೆಕ್ಕವಿಲ್ಲ ಎಂದು ಯಾಕೋ ಅಂದುಕೊಂಡಿದ್ದ.

ಅಂಬಾಬಾಯಿಯವರು ಇಬ್ಬರನ್ನೂ ನೋಡಿದರು. ಬೈಯಲಿಲ್ಲ. ಕೆಳಗಿನ ಹೋಟೆಲಿಗೆ ಹೇಳಿ ಮೂರು ಕಾಫಿ ತರಿಸಿದರು, ಒಂದಕ್ಕೆ ಐದು ರೂಪಾಯಿಯಂತೆ. ಮುನಿಯಲ್ಲಪ್ಪ ಕಾಫಿಯನ್ನು ಔಷಧಿಯ ಹಾಗೆ ಕುಡಿದ. ಕುಡಿದು ಎದ್ದವನು ಆ ಸಂಜೆಯೇ ಎಲ್ಲರಿಗೂ ಫೋನು ಮಾಡಿ, ಇನ್ನು ಯಾರೂ ಒತ್ತಬೇಡಿ, ಒತ್ತಿದವನ ಕೈ ಮುರಿಯುತ್ತೇನೆ ಎಂದನಂತೆ.

ಮರುದಿನ ಜೂನ್ ಮೂವತ್ತು. ಬೆಳಿಗ್ಗೆ ಹನ್ನೊಂದಾದರೂ ಒಂದು ಒತ್ತೂ ಬರಲಿಲ್ಲ. ಶ್ರೀರಾಮ ತನ್ನ ಬೋಣಿಯನ್ನೂ ಮಾಡಲಿಲ್ಲ. ಊದುಬತ್ತಿ ಮಾತ್ರ ಹಚ್ಚಿದ. ಸಂಜೆಯ ಹೊತ್ತಿಗೆ ಜಾಹೀರಾತು ಅಲ್ಲೇ ಇತ್ತು, ನೋಡುವವರು ಇರಲಿಲ್ಲ. ಕಾಲೇಜುಗಳೆಲ್ಲ ಶುರುವಾಗಿ, ಸೇರುವವರು ಎಲ್ಲೆಲ್ಲೋ ಸೇರಿಯಾಗಿತ್ತು.

“ಮೇಡಂ, ಐದು ಜನ ಇದಾರೆ. ನಾನು, ಪ್ರಿಯಂವದಾ, ಮುನಿಯಲ್ಲಪ್ಪಣ್ಣ. ಹೆಸರು ಬರ್ಕೊಳ್ಳಿ, ಎಂಟಾಗುತ್ತೆ,” ಎಂದ ಶ್ರೀರಾಮ.

“ಹೆಸರು ಸದ್ದು ಮಾಡಲ್ಲ ಕಣೋ,” ಎಂದರು ಅಂಬಾಬಾಯಿ. ಬೀಗದ ಕೈಯನ್ನು ಆಗಲೇ ಒರೆಸಿ ಮೇಜಿನ ಮೇಲೆ ಇಟ್ಟಿದ್ದರು.

ಕೋರ್ಟು ಮುಗಿಸಿ ಮುನಿಯಲ್ಲಪ್ಪನೂ ಬಸ್ಸು ಹತ್ತಿ ಬಂದಿದ್ದ. ಮೂಲೆಯಲ್ಲಿ ಅಪರಾಧಿಯಂತೆ ನಿಂತಿದ್ದವನನ್ನು ಮೇಡಂ ಕಣ್ಣಲ್ಲೇ ಕರೆದು ಆರನೆಯ ಮಿಷನ್ನಿಗೆ ಕೂರಿಸಿದರು. ಏಳನೆಯದಕ್ಕೆ ಶ್ರೀರಾಮನನ್ನು ತಳ್ಳಿದರು. ಬೀರುವಿನಿಂದ ಹಳೆಯ ಟವೆಲ್ ತೆಗೆದು ಅವನ ಕೈಗಳ ಮೇಲೆ ಹಾಸಿದರು. ಆವನಿಯ ಹುಡುಗಿಯರು ಕಿಸಕ್ಕೆಂದರು. ಎಂಟನೆಯದಕ್ಕೆ ಯಾರೆಂದು ಎಲ್ಲರೂ ನೋಡುತ್ತಿದ್ದಾಗ ಮೇಡಂ ಸೆರಗು ಸಿಕ್ಕಿಸಿ ತಾವೇ ಕೂತರು. ಅವರು ವಿದ್ಯಾರ್ಥಿಗಳ ಸಾಲಿನಲ್ಲಿ ಕೂತದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

“ಹತ್ತು ನಿಮಿಷ. ಸ್ಪೀಡ್ ಟೆಸ್ಟ್. ಕಾಗದ ನೋಡಿ.”

ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುತ್ತಿದ್ದವರು ಮಾತು ನಿಲ್ಲಿಸಿ ಮೇಲೆ ನೋಡಿದರಂತೆ, ಆಮೇಲೆ ಅಭ್ಯಾಸ ಬಲದಿಂದ ದನಿ ಏರಿಸಿ ಚೌಕಾಸಿ ಮುಂದುವರಿಸಿದರಂತೆ. ಶ್ರೀರಾಮನಿಗೆ ಟವೆಲಿನ ಕೆಳಗೆ ಬೆರಳು ಎಲ್ಲಿವೆಯೆಂದು ತಿಳಿಯುತ್ತಿರಲಿಲ್ಲ. ಅವನು ಕಾಗದವನ್ನೂ ನೋಡಲಿಲ್ಲ, ಕೀಯನ್ನೂ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು ಕೂತಿದ್ದ ಮೇಡಂ ಮುಖವನ್ನು ನೋಡಿದ. ಅವರ ಬೆರಳು ಮಾತ್ರ ನಿಂತಿರಲಿಲ್ಲ. ಗಂಟೆಗಳು ಟಿಂಗ್ ಟಿಂಗ್ ಎನ್ನುತ್ತಿದ್ದವು.

“ಏಳನೇ ಮಿಷನ್, ತಪ್ಪು,” ಎಂದರು ಕಣ್ಣು ತೆರೆಯದೆ.

ಹತ್ತು ನಿಮಿಷ ಮುಗಿಯಿತು. ಅವರು ಎದ್ದು, ಹಾಳೆಗಳನ್ನೆಲ್ಲ ಒಟ್ಟುಮಾಡಿ, ಬೀಗದ ಕೈ ತೆಗೆದುಕೊಂಡು ಕೆಳಗಿಳಿದರು.

ಸೇರಿದ ಐವರನ್ನು ಪರೀಕ್ಷೆಯವರೆಗೆ ದಾಟಿಸಬೇಕಿತ್ತು. ಅದಕ್ಕಾಗಿ ಐದು ಮಿಷನ್ನು ಅವರ ಮನೆಯ ಪಡಸಾಲೆಗೆ ಹೋದವು. ಎರಡನ್ನು ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಹೊಡೆಯುವವರು ಒಯ್ದರು. ಉಳಿದವು ಗುಜರಿಯ ತಕ್ಕಡಿ ಹತ್ತಿದವು. ಹೊಸಬರನ್ನು ಇನ್ನು ತೆಗೆದುಕೊಳ್ಳುವುದಿಲ್ಲ ಎಂದು ಮೇಡಂ ಖಂಡಿತವಾಗಿ ಹೇಳಿದರು. ಮಹಡಿಯಲ್ಲಿ ಮೊಬೈಲ್ ಅಂಗಡಿ ಬಂತು. ಅದರ ಉದ್ಘಾಟನೆಗೆ ದೀಪ ಹಚ್ಚಿದವರೂ ಅವರೇ. ಅವರ ಕೈ ಒಳ್ಳೆಯದೆಂದು ಬಜಾರಿನಲ್ಲಿ ನಂಬಿಕೆ.

ಹತ್ತು ದಿನದ ಮೇಲೆ ಶ್ರೀರಾಮ ಲಕೋಟೆ ಹಿಡಿದು ಅವರ ಮನೆಗೆ ಹೋದ. ಯಾರೂ ಒತ್ತದೆ ಉಳಿದುಹೋದ ನೂರ ಅರವತ್ತು ರೂಪಾಯಿ ಅದರಲ್ಲಿತ್ತು. ಹುಡುಗಿಯರು ಹೋಗಿಯಾಗಿತ್ತು. ಮೇಡಂ ಪಡಸಾಲೆಯಲ್ಲಿ ಒಬ್ಬರೇ ಕೂತು ಯಾರದೋ ಅರ್ಜಿ ಟೈಪು ಮಾಡುತ್ತಿದ್ದರು.

“ಜಾಹೀರಾತು ತೆಗೆದುಬಿಡ್ತೀನಿ ಮೇಡಂ. ಇದು ನಿಮ್ಮ ದುಡ್ಡು.”

“ಇರ್ಲಿ ಬಿಡು. ನಲವತ್ತು ಜನಕ್ಕೆ ಆಗುತ್ತಲ್ಲ. ಮುನಿಯಲ್ಲಪ್ಪಂಗೆ ಹೇಳು, ಮೊದಲಿನ ಹಾಗೇ ಒತ್ಲಿ ಅಂತ.”

ಶ್ರೀರಾಮ ಲಕೋಟೆಯನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದ. ತಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ಅನುಮಾನವಾಯಿತು.

“ಇನ್‌ಸ್ಟಿಟ್ಯೂಟೇ ಇಲ್ಲ. ಒತ್ತೋರಲ್ಲಿ ಒಬ್ಬರೂ ಸೇರೋರಲ್ಲ. ನೋಡಿ ಹೋಗೋರಿಗೆ ತಲಾ ನಾಲ್ಕು ರೂಪಾಯಿ ಯಾಕೆ ಮೇಡಂ ಕೊಡ್ಬೇಕು?”

ಅಂಬಾಬಾಯಿಯವರು ಕಾಗದದಿಂದ ಕಣ್ಣು ತೆಗೆಯಲಿಲ್ಲ. ಸಾಲು ಮುಗಿಯಿತು, ಗಂಟೆ ಹೊಡೆಯಿತು, ಮಿಷನ್ನಿನ ಕ್ಯಾರೇಜನ್ನು ತಳ್ಳಿ ಹೊಸ ಸಾಲಿಗೆ ತಂದರು.

“ಮನೆಗೆ ಬಂದಿದ್ರೆ ಕಾಫಿಗೇ ಐದಾಗ್ತಿತ್ತು.”